ಪಾರಿವಾಳವನ್ನು ಓಡಿಸಬೇಡಿ, ಬಾಗಿಲು ಸಣ್ಣದು ಮಾಡಿ

ಗುಬ್ಬಿಗೆಂದು ಕಾಳು ಇಡುತ್ತೀರಿ, ಬರುವುದು ಪಾರಿವಾಳ. ಹಿತ್ತಲಲ್ಲೋ ಬಾಲ್ಕನಿಯಲ್ಲೋ ಹಕ್ಕಿಗಳಿಗೆ ಕಾಳು ಹಾಕುವ ಯಾರನ್ನು ಕೇಳಿದರೂ ಇದೇ ದೂರು. ಆಮೇಲೆ ಶುರುವಾಗುತ್ತದೆ ಕೈ ಬೀಸುವುದು, ಚಪ್ಪಾಳೆ ತಟ್ಟುವುದು, ನೀರು ಎರಚುವುದು, ಹೊಳೆಯುವ ಪಟ್ಟಿ ಕಟ್ಟುವುದು. ಇಷ್ಟೆಲ್ಲಾ ಮಾಡಿದಾಗ ಮೊದಲು ಹೆದರಿ ಹೋಗುವುದು ಯಾರು ಹೇಳಿ? ಗುಬ್ಬಿಯೇ. ಪಾರಿವಾಳ ಎರಡು ಸಲ ಹಾರುತ್ತದೆ, ಆಮೇಲೆ ನಿಮ್ಮ ಚಪ್ಪಾಳೆಗೆ ಒಗ್ಗಿಹೋಗುತ್ತದೆ.

ನನಗೆ ಈ ಓಡಿಸುವ ಆಟದಲ್ಲಿ ನಂಬಿಕೆ ಇಲ್ಲ. ಸಣ್ಣ ಹಕ್ಕಿಯ ಮೈ ನುಗ್ಗುವ, ದೊಡ್ಡದರ ಮೈ ನುಗ್ಗದ ಹಾಗೆ ಜಾಗ ಮಾಡಿಕೊಟ್ಟರೆ ಸಾಕು. ಬೈಯುವುದೂ ಬೇಡ, ಕಾವಲು ಕೂರುವುದೂ ಬೇಡ.

ಇದನ್ನು ಹೇಳಿದ ಕೂಡಲೇ ಒಂದು ಮಾತು ಬಂದೇ ಬರುತ್ತದೆ: "ಪಾರಿವಾಳಕ್ಕೂ ಹಸಿವು ಇರುತ್ತೆ ಅಲ್ವಾ, ಭೇದ ಮಾಡೋಕೆ ನಾವ್ಯಾರು?" ಒಳ್ಳೆಯ ಮನಸ್ಸಿನಿಂದ ಬರುವ ಮಾತು, ಅದಕ್ಕೆ ಗೌರವವಿದೆ. ಆದರೆ ಸ್ವಲ್ಪ ಲೆಕ್ಕ ನೋಡಿ. ಗುಬ್ಬಿಯ ತೂಕ ಸುಮಾರು 30 ಗ್ರಾಂ. ಪಾರಿವಾಳದ್ದು ಸುಮಾರು 300. ಒಂದು ಪಾರಿವಾಳ ದಿನಕ್ಕೆ ಹತ್ತಿರ ಹತ್ತಿರ 30 ಗ್ರಾಂ ಕಾಳು ತಿನ್ನುತ್ತದೆ, ಅಂದರೆ ಒಂದು ಗುಬ್ಬಿ ಎಷ್ಟು ತೂಗುತ್ತದೋ ಅಷ್ಟು! ತಿನ್ನುವ ರೀತಿಯೂ ಬೇರೆ. ಗುಬ್ಬಿ ಒಂದೊಂದೇ ಕಾಳನ್ನು ಕೊಕ್ಕಿನಲ್ಲಿ ಹೊರಳಿಸಿ, ಸಿಪ್ಪೆ ಸುಲಿದು, ಒಳಗಿನದನ್ನು ಮಾತ್ರ ತಿನ್ನುತ್ತದೆ. ಪಾರಿವಾಳ ಸಿಪ್ಪೆ ಸಮೇತ ಗಬಗಬನೆ ನುಂಗಿ ಗಂಟಲ ಕೆಳಗಿನ ಚೀಲದಲ್ಲಿ ತುಂಬಿಕೊಳ್ಳುತ್ತದೆ, ಅರಗಿಸುವುದು ಆಮೇಲೆ. ಇಬ್ಬರನ್ನೂ ಒಂದೇ ತಟ್ಟೆಗೆ ಬಿಟ್ಟರೆ ಅದನ್ನು ಸಮಾನತೆ ಅನ್ನುವುದು ಹೇಗೆ? ಸಣ್ಣ ಹಕ್ಕಿಗೆ ಮೈಯಲ್ಲಿ ಕೂಡಿಟ್ಟುಕೊಳ್ಳುವ ಕೊಬ್ಬೂ ಕಡಿಮೆ. ಚಳಿಯ ಒಂದೇ ರಾತ್ರಿಯಲ್ಲಿ ಅದರ ತೂಕದ ಹತ್ತರಲ್ಲೊಂದು ಭಾಗದವರೆಗೂ ಕರಗಿಹೋಗಬಹುದು. ಬೆಳಗ್ಗೆ ಎದ್ದು ಬಂದಾಗ ತಟ್ಟೆ ಖಾಲಿ ಇದ್ದರೆ ಅದಕ್ಕೆ ಆಗುವ ನಷ್ಟ ಪಾರಿವಾಳಕ್ಕೆ ಆಗುವುದಿಲ್ಲ.

ಈಗ ಬಾಗಿಲಿನ ವಿಷಯ. ಅಗಲ ಬಾಯಿಯ ತಟ್ಟೆ, ನೆಲದ ಮೇಲೆ ಚೆಲ್ಲಿದ ಕಾಳು, ಗೋಡೆಯ ಮೇಲಿನ ರಾಶಿ, ಇವೆಲ್ಲ ಪಾರಿವಾಳಕ್ಕೆ ಕೊಟ್ಟ ಆಹ್ವಾನ. ಅದು ನಿಂತು, ನಡೆದಾಡಿ ತಿನ್ನುವ ಹಕ್ಕಿ. ತೂಗಾಡುವ ಕೊಳವೆಗೆ ಜೋತು ಬಿದ್ದು ತಿನ್ನುವುದು ಅದಕ್ಕೆ ಕಷ್ಟ. ಹಾಗಾಗಿ ಮೊದಲ ಕೆಲಸ, ಕಾಳನ್ನು ತೂಗುಹಾಕುವ ಕೊಳವೆ ಫೀಡರ್‌ಗೆ (ಬದಿಯ ತೂತುಗಳಿಂದ ಹಕ್ಕಿ ಕಾಳು ತೆಗೆದುಕೊಳ್ಳುವ ಕೊಳವೆಗೆ) ಬದಲಾಯಿಸಿ, ಕೂರುವ ಕಡ್ಡಿಗಳನ್ನು ಎರಡು ಮೂರು ಸೆಂಟಿಮೀಟರ್ ಮಾತ್ರ ಬಿಟ್ಟು ಕತ್ತರಿಸುವುದು. ಗುಬ್ಬಿಗೆ ಅಷ್ಟು ಸಾಕು. ಪಾರಿವಾಳಕ್ಕೆ ಎದೆ ಅಡ್ಡ ಬರುತ್ತದೆ, ಸಮತೋಲನ ಸಿಗುವುದಿಲ್ಲ. ಕೆಳಗೆ ಅಗಲವಾದ ತಟ್ಟೆ ಜೋಡಿಸಿರುವ ಫೀಡರ್ ಆದರೆ ಆ ತಟ್ಟೆ ತೆಗೆದುಬಿಡಿ. ಅದು ಇದ್ದರೆ ಮೇಲೆ ಮಾಡಿದ್ದೆಲ್ಲ ವ್ಯರ್ಥ.

ಇಷ್ಟಕ್ಕೂ ಬಗ್ಗದಿದ್ದರೆ ಪಂಜರ. ನನ್ನ ಪ್ರಕಾರ ಇದಕ್ಕಿಂತ ಒಳ್ಳೆಯ ಉಪಾಯ ಇನ್ನೊಂದಿಲ್ಲ. ಫೀಡರ್ ಸುತ್ತ ಗಟ್ಟಿ ತಂತಿಯ ಜಾಲರಿ, ಅದರ ಕಿಂಡಿ ಸುಮಾರು 4 ಸೆಂಟಿಮೀಟರ್. ಗೂಡುಪೆಟ್ಟಿಗೆ ಮಾಡುವವರು ಗುಬ್ಬಿಗೆ 32 ಮಿಲಿಮೀಟರ್ ತೂತು ಕೊರೆಯುತ್ತಾರೆ, ಅದರಲ್ಲೇ ಅದು ಆರಾಮಾಗಿ ಒಳಗೆ ಹೋಗಿ ಬರುತ್ತದೆ. ಕಿಂಡಿ 5 ಸೆಂಟಿಮೀಟರ್ ಇದ್ದರೂ ಪಾರಿವಾಳ ನಿಲ್ಲುತ್ತದೆ, ಅದಕ್ಕಿಂತ ದೊಡ್ಡದಾದರೆ ಮೈನಾ ಗಾತ್ರದವೂ ನುಸುಳಲು ನೋಡುತ್ತವೆ. ಜಾಸ್ತಿ ಜನ ಎಡವುವುದು ಇನ್ನೊಂದು ಕಡೆ. ಜಾಲರಿಯನ್ನು ಫೀಡರ್‌ಗೆ ಅಂಟಿಸಿದಂತೆ ಸುತ್ತುತ್ತಾರೆ, ಕಾಗೆ ಹೊರಗೆ ನಿಂತು ಉದ್ದ ಕೊಕ್ಕು ಒಳಗೆ ಹಾಕಿ ಬೇಕಾದ್ದು ಎಳೆದುಕೊಳ್ಳುತ್ತದೆ. ಜಾಲರಿಗೂ ಕಾಳಿಗೂ ನಡುವೆ ಒಂದು ಗೇಣಿನಷ್ಟಾದರೂ ಅಂತರ ಬೇಕು. ಕಿಂಡಿಗಳು ಸುತ್ತಲೂ ಇರಬೇಕು, ಒಂದೇ ಕಡೆ ಬಾಗಿಲು ಬಿಟ್ಟು ಉಳಿದದ್ದೆಲ್ಲ ಮುಚ್ಚಬೇಡಿ. ಗಿಡುಗವೋ ಬೆಕ್ಕೋ ಎರಗಿದಾಗ ಹಕ್ಕಿ ಯಾವ ದಿಕ್ಕಿಗೆ ಬೇಕಾದರೂ ಹಾರಿಹೋಗುವ ಹಾಗಿರಬೇಕು, ಇಲ್ಲದಿದ್ದರೆ ಕಾಪಾಡಲು ಮಾಡಿದ ಪಂಜರವೇ ಬೋನಾಗುತ್ತದೆ. ತಂತಿಯ ಕತ್ತರಿಸಿದ ತುದಿಗಳನ್ನು ಮಡಚಿಬಿಡಿ.

ಕಾಗೆಯ ಬಗ್ಗೆ ಒಂದು ಮಾತು. ಬರೀ ಸಣ್ಣ ಕಾಳಿಟ್ಟರೆ ಕಾಗೆಗೆ ಅಷ್ಟು ಆಸೆ ಇರುವುದಿಲ್ಲ. ಅದನ್ನು ಕರೆಯುವುದು ನಾವು ಪಕ್ಕದಲ್ಲೇ ಇಡುವ ಬ್ರೆಡ್ಡು, ಉಳಿದ ಅಡುಗೆ, ಮಾಂಸದ ಚೂರು. ಅವು ಸಣ್ಣ ಹಕ್ಕಿಗೂ ಒಳ್ಳೆಯದಲ್ಲ, ಉಪ್ಪಂತೂ ಬೇಡವೇ ಬೇಡ. ಗೂಡು ಕಟ್ಟುವ ಕಾಲದಲ್ಲಿ ಕಾಗೆಯನ್ನು ಹತ್ತಿರ ಕರೆದರೆ ಮೊಟ್ಟೆ, ಮರಿಗಳಿಗೂ ಅಪಾಯ. ಕಾಗೆಯ ತಪ್ಪು ಏನೂ ಇಲ್ಲ, ಅದರ ಬದುಕೇ ಹಾಗೆ. ಕರೆದದ್ದು ನಾವು ತಾನೇ?

ಅಳಿಲಿನ ಕಥೆ ಬೇರೆ. ದೊಡ್ಡ ಜಾತಿಯದು ಪಂಜರದ ಹೊರಗೆ ಉಳಿಯುತ್ತದೆ, ಸಣ್ಣದು ಗುಬ್ಬಿಯ ಹಾಗೇ ಒಳಗೆ ತೂರುತ್ತದೆ. ಪ್ಲಾಸ್ಟಿಕ್ ಫೀಡರನ್ನು ಕಡಿದು ತೂತು ಮಾಡುತ್ತದೆ, ಆದ್ದರಿಂದ ಲೋಹದ್ದೇ ಬೇಕು. ನಯವಾದ ಕಂಬಕ್ಕೆ ಫೀಡರ್ ಹಾಕಿ, ಮಧ್ಯದಲ್ಲಿ ಬೋರಲು ಬಟ್ಟಲಿನಂಥ ಅಗಲ ತಡೆ ಕಟ್ಟಿ, ಕಂಬವನ್ನು ಮರದಿಂದ ಮೂರು ಮೀಟರ್ ದೂರ ನಿಲ್ಲಿಸಿದರೆ ಹತ್ತಲೂ ಆಗುವುದಿಲ್ಲ, ಹಾರಲೂ ಸುಲಭವಿಲ್ಲ. ಕಾಳಿಗೆ ಖಾರ ಬೆರೆಸುವ ಉಪಾಯವನ್ನೂ ನೀವು ಕೇಳಿರಬಹುದು. ಅದರ ಹಿಂದೆ ನಿಜವಾದ ವಿಜ್ಞಾನ ಇದೆ. ಮೆಣಸಿನಕಾಯಿಯ ಖಾರದ ಅಂಶವಾದ ಕ್ಯಾಪ್ಸೈಸಿನ್ ಅಳಿಲಿನಂಥ ಸಸ್ತನಿಗಳ ಬಾಯಿ ಉರಿಸುತ್ತದೆ, ಹಕ್ಕಿಗಳಿಗೆ ಆ ಉರಿ ಗೊತ್ತಾಗುವುದಿಲ್ಲ, ಅದನ್ನು ಗ್ರಹಿಸುವ ಅವುಗಳ ನರದ ಭಾಗವೇ ಬೇರೆ ಥರ. ಆದರೂ ಸುಮ್ನೆ ಪುಡಿ ಉದುರಿಸುವುದು ನನಗೆ ಇಷ್ಟವಿಲ್ಲ. ಗಾಳಿಗೆ ಹಾರಿ ಯಾರ ಕಣ್ಣಿಗೆ ಬೀಳುತ್ತದೋ ಹೇಳಲಾಗದು.

ಇಲ್ಲಿ ನಾನು ಖಡಾಖಂಡಿತವಾಗಿ ಹೇಳುವ ಮಾತೊಂದಿದೆ. ಕಂಬಕ್ಕೆ ಗ್ರೀಸ್, ಎಣ್ಣೆ ಬಳಿಯಬೇಡಿ. ರೆಕ್ಕೆಗೆ ಹತ್ತಿದರೆ ಹಕ್ಕಿ ಮೈ ಬೆಚ್ಚಗಿಟ್ಟುಕೊಳ್ಳಲಾರದು, ಹಾರಲೂ ಆಗದು. ಅಂಟು ಹಾಕಬೇಡಿ. ಸಡಿಲವಾದ ನೈಲಾನ್ ಬಲೆ ಹೊದಿಸಬೇಡಿ, ಕಾಲು ಸಿಕ್ಕಿಕೊಂಡು ಗಂಟೆಗಟ್ಟಲೆ ಒದ್ದಾಡುತ್ತವೆ. ದೊಡ್ಡ ಹಕ್ಕಿಯನ್ನು ದೂರ ಇಡುವ ಹಕ್ಕು ನಮಗಿದೆ ಅಂತ ನಾನು ನಂಬುತ್ತೇನೆ, ನೋಯಿಸುವ ಹಕ್ಕು ಖಂಡಿತ ಇಲ್ಲ.

ದೊಡ್ಡವನ್ನು ತಡೆಯಲು ಇನ್ನೊಂದು ಕಾರಣ ರೋಗ. ಟ್ರೈಕೊಮೊನಾಸ್ ಎಂಬ ಸೂಕ್ಷ್ಮ ಜೀವಿ ಪಾರಿವಾಳ ಜಾತಿಯ ಹಕ್ಕಿಗಳಲ್ಲಿ ಬಹಳ ಹಿಂದಿನಿಂದ ಇದೆ. ಅದು ಗಂಟಲಲ್ಲಿ ಹುಣ್ಣು ಮಾಡುತ್ತದೆ, ಹಕ್ಕಿ ನುಂಗಲಾರದೆ ಸೊರಗುತ್ತದೆ. ಬ್ರಿಟನ್ನಿನಲ್ಲಿ 2005ರಲ್ಲಿ ಇದು ಸಣ್ಣ ಫಿಂಚ್ ಹಕ್ಕಿಗಳಲ್ಲಿ ಕಾಣಿಸಿಕೊಂಡಿತು, ಆಮೇಲೆ ಅಲ್ಲಿನ ಗ್ರೀನ್‌ಫಿಂಚ್ ಸಂಖ್ಯೆ ವಿಪರೀತ ಕುಸಿಯಿತು. ಎಂಜಲು ತಾಗಿದ ಕಾಳು, ನೀರಿನಿಂದಲೇ ಇದು ಹರಡುತ್ತದೆ. 2021ರಲ್ಲಿ ಅಮೆರಿಕದಲ್ಲಿ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾದ ಸೋಂಕು ಹಕ್ಕಿಗಳಲ್ಲಿ ಹರಡಿದಾಗ ಕೆಲವು ರಾಜ್ಯಗಳಲ್ಲಿ ಫೀಡರ್‌ಗಳನ್ನೇ ಕೆಲ ಕಾಲ ಇಳಿಸಿ ಎಂದು ಜನರಿಗೆ ಹೇಳಬೇಕಾಯಿತು. ಹಾಗಾಗಿ ವಾರಕ್ಕೊಮ್ಮೆ ಫೀಡರ್ ತೊಳೆದು ಪೂರ್ತಿ ಒಣಗಿಸಿ, ನೀರನ್ನು ದಿನಾ ಬದಲಾಯಿಸಿ, ಕೆಳಗೆ ಬಿದ್ದ ಹೊಟ್ಟು, ಹಿಕ್ಕೆ ಗುಡಿಸಿ. ಪುಕ್ಕ ಉಬ್ಬಿಸಿಕೊಂಡು ಮಂಕಾಗಿ ಕೂತ ಹಕ್ಕಿ ಕಂಡರೆ ಎರಡು ಮೂರು ವಾರ ಫೀಡರ್ ತೆಗೆದಿಡಿ. ಹಾಗೆ ನಿಲ್ಲಿಸಿದರೆ ಅವು ಉಪವಾಸ ಬೀಳುತ್ತವೆ ಅಂತ ಹೆದರಬೇಡಿ, ಅವಕ್ಕೆ ಬೇರೆ ಜಾಗಗಳೂ ಗೊತ್ತಿರುತ್ತವೆ.

ಕಾಳು ಸ್ವಲ್ಪವೇ ಹಾಕಿ. ಸಂಜೆಯೊಳಗೆ ಮುಗಿಯುವಷ್ಟು. ಉಳಿದದ್ದು ರಾತ್ರಿ ಇಲಿ, ಹೆಗ್ಗಣಗಳ ಪಾಲು. ಫೀಡರ್ ಪೊದೆಯಿಂದ ಎರಡು ಮೀಟರ್ ದೂರ ಇದ್ದರೆ ಬೆಕ್ಕು ಹೊಂಚು ಹಾಕುವುದು ಕಷ್ಟ. ಕಿಟಕಿ ಗಾಜಿಗೆ ಒಂದು ಮೀಟರಿಗಿಂತ ಹತ್ತಿರ ಇಡಿ, ಇಲ್ಲವೇ ಬಹಳ ದೂರ. ನಡುವಿನ ಅಂತರದಲ್ಲೇ ವೇಗವಾಗಿ ಹಾರಿ ಬಂದು ಗಾಜಿಗೆ ಬಡಿಯುವುದು.

ಮತ್ತೆ, ಕಾಳಿಟ್ಟ ಮಾತ್ರಕ್ಕೆ ಗುಬ್ಬಿ ಸಂಸಾರ ನಡೆಯುವುದಿಲ್ಲ. ಮರಿಗಳಿಗೆ ಮೊದಲ ದಿನಗಳಲ್ಲಿ ಬೇಕಾಗುವುದು ಹುಳು ಹುಪ್ಪಟೆ. ಗಿಡಕ್ಕೆ ಕೀಟನಾಶಕ ಸಿಂಪಡಿಸಿ, ಪಕ್ಕದಲ್ಲಿ ಕಾಳು ತೂಗುಹಾಕಿದರೆ ಒಂದು ಕೈಯಲ್ಲಿ ಕೊಟ್ಟು ಇನ್ನೊಂದರಲ್ಲಿ ಕಿತ್ತುಕೊಂಡ ಹಾಗೆ. ದಟ್ಟವಾದ ಒಂದು ಪೊದೆಯನ್ನು ಅದರ ಪಾಡಿಗೆ ಬಿಡಿ. ದೊಡ್ಡ ಹಕ್ಕಿ ನುಗ್ಗಲಾರದ ಜಾಗ ಅದೂ ಹೌದು.

ಪಂಜರ ಹಾಕಿದ ಹೊಸದರಲ್ಲಿ ಗುಬ್ಬಿಯೂ ಬರುವುದಿಲ್ಲ, ಅನುಮಾನದಿಂದ ದೂರವೇ ಕೂರುತ್ತದೆ. ಎಷ್ಟೋ ಜನ ಆಗಲೇ ಬೇಸರಪಟ್ಟು ಬಿಚ್ಚಿ ಹಳೆಯ ತಟ್ಟೆ ಮತ್ತೆ ಇಟ್ಟುಬಿಡುತ್ತಾರೆ. ದಯವಿಟ್ಟು ಕೆಲವು ವಾರ ಕಾಯಿರಿ. ಜಾಗ ಬದಲಾಯಿಸಬೇಡಿ. ಮೊದಮೊದಲು ಜಾಲರಿಯ ಅಂಚಿನಲ್ಲಿ ನಾಲ್ಕು ಕಾಳು ಇಟ್ಟು, ದಿನ ಕಳೆದಂತೆ ಅದನ್ನು ಒಳಗೊಳಗೆ ಸರಿಸಿ. ಒಂದು ಧೈರ್ಯ ಮಾಡಿ ಒಳಗೆ ಹೋಯಿತೆಂದರೆ ಉಳಿದವು ಅದನ್ನು ನೋಡಿಕೊಂಡೇ ಬರುತ್ತವೆ.