ಹೋದ ಪುಟ್ಟ, ಬಂದ ಪುಟ್ಟ, ರಿಫ್ಲೆಕ್ಷನ್ ಬರೆದ ಪುಟ್ಟ

ಗ್ರೂಪ್ ಪ್ರಾಜೆಕ್ಟ್ ಮುಗೀತಪ್ಪಾ ಅಂತ ಉಸಿರು ಬಿಡುವ ಹೊತ್ತಿಗೆ ಯೂನಿವರ್ಸಿಟಿ ಇನ್ನೊಂದು ಬಾಲ ಅಂಟಿಸುತ್ತದೆ. 'ಟೀಮ್‌ವರ್ಕ್ ಮತ್ತು ಕ್ರಿಯೇಟಿವಿಟಿ ಬಗ್ಗೆ ಏನು ಕಲಿತಿರಿ? ರಿಫ್ಲೆಕ್ಷನ್ ಬರೆಯಿರಿ.' ಕೆಲಸ ಮಾಡಿದವಳೂ ಬರೆಯಬೇಕು, ಮಾಡದವನೂ ಬರೆಯಬೇಕು. ಓದಿ ನೋಡಿ, ಎಲ್ಲರೂ ಬೆಳೆದಿರುತ್ತಾರೆ. ಜಗಳ ಯಾರಿಗೂ ಆಗಿರುವುದಿಲ್ಲ, ಆಗಿದ್ದೆಲ್ಲ 'ಆರೋಗ್ಯಕರ ಚರ್ಚೆ'.

ಇವರಲ್ಲಿ ನನಗೆ ಬಹಳ ಇಷ್ಟವಾಗುವವನು ಹೆಬ್ಬೆರಳು ವೀರ. 'ನಾಳೆಯೊಳಗೆ ನಿಮ್ಮ ಭಾಗ ಕಳಿಸಿ' ಅಂತ ವಾಟ್ಸಾಪ್ ಗ್ರೂಪಲ್ಲಿ ಹಾಕಿದರೆ ಒಂದು ಹೆಬ್ಬೆರಳು. 'ಇನ್ನೂ ಬಂದಿಲ್ಲ' ಅಂದರೆ ಇನ್ನೊಂದು ಹೆಬ್ಬೆರಳು. ಪ್ರೆಸೆಂಟೇಶನ್ ಹಿಂದಿನ ರಾತ್ರಿ ಎಲ್ಲ ಮುಗಿದ ಮೇಲೆ 'ನಾನೇನಾದ್ರೂ ಮಾಡ್ಲಾ?' ಅಂತ ಕೇಳಿ, 'ಥ್ಯಾಂಕ್ ಯೂ' ಸ್ಲೈಡ್ ಮಾಡಿಕೊಡುತ್ತಾನೆ. ಅದರ ಫಾಂಟ್ ಬೇರೆ, ಬಣ್ಣ ಬೇರೆ, ಮೂಲೆಯಲ್ಲೊಂದು ಗುಲಾಬಿ. ಕ್ರಿಯೇಟಿವಿಟಿ! ಹೂವಿನ ಜೊತೆ ನಾರೂ ಸ್ವರ್ಗಕ್ಕೆ ಹೋಯಿತು ಅನ್ನುವುದು ಹಳೇ ಮಾತಾಯಿತು. ಈಗ ನಾರು ಸ್ವರ್ಗ ಸೇರಿ ನಾಯಕತ್ವದ ಬಗ್ಗೆ ಎರಡು ಪುಟ ಬರೆಯುತ್ತದೆ.

ಸುಮ್ನೆ ಅವನನ್ನು ಬೈಯಬೇಡಿ, ಅವನ ಬೆನ್ನಿಗೆ ವಿಜ್ಞಾನ ನಿಂತಿದೆ. ಫ್ರಾನ್ಸಿನ ಕೃಷಿ ಎಂಜಿನಿಯರ್ ಮ್ಯಾಕ್ಸ್ ರಿಂಗಲ್‌ಮನ್ ಜನರಿಂದ ಹಗ್ಗ ಎಳೆಸಿ ನೋಡಿದ. 1913ರಲ್ಲಿ ಅವನು ಪ್ರಕಟಿಸಿದ ಲೆಕ್ಕದ ಪ್ರಕಾರ, 8 ಜನ ಸೇರಿ ಎಳೆದಾಗ ಒಬ್ಬೊಬ್ಬರ ಪಾಲಿನ ಬಲ ಒಂಟಿಯಾಗಿ ಎಳೆದಾಗ ಇದ್ದದ್ದರ ಅರ್ಧಕ್ಕಿಳಿದಿತ್ತು. ಪಾಪ, ಆ ಫ್ರೆಂಚರು ಅರ್ಧವಾದರೂ ಎಳೆದರು. ನಮ್ಮ ವೀರ ಹಗ್ಗದ ಫೋಟೋಗೆ ಹೆಬ್ಬೆರಳು ಒತ್ತುತ್ತಾನೆ.

ಇನ್ನು ಬ್ರೈನ್‌ಸ್ಟಾರ್ಮಿಂಗ್, ಅಂದರೆ ಎಲ್ಲರೂ ಒಟ್ಟಿಗೆ ಕೂತು ತೋಚಿದ ಐಡಿಯಾಗಳನ್ನೆಲ್ಲ ಹೇಳುತ್ತಾ ಹೋಗುವುದು. ಜಾಹೀರಾತು ಕಂಪನಿಯ ಅಲೆಕ್ಸ್ ಆಸ್ಬರ್ನ್ ಅನ್ನುವವರು ಇದನ್ನು ಜಗತ್ತಿಗೆಲ್ಲ ಹಂಚಿದರು. 1958ರಲ್ಲಿ ಯೇಲ್ ಯೂನಿವರ್ಸಿಟಿಯಲ್ಲಿ ಪರೀಕ್ಷೆ ಮಾಡಿದರೆ, ಸುತ್ತ ಕೂತು ಯೋಚಿಸಿದ ನಾಲ್ವರಿಗಿಂತ ಬೇರೆ ಬೇರೆ ಕೂತು ಯೋಚಿಸಿದ ನಾಲ್ವರ ಐಡಿಯಾಗಳೇ ಜಾಸ್ತಿ ಬಂದವು. ಅದಾಗಿ ಇಷ್ಟು ವರ್ಷವಾಯಿತು. ಇವತ್ತಿಗೂ ಮೊದಲ ಮೀಟಿಂಗ್ ಅಂದರೆ ಸುತ್ತ ಕೂತು ಬಣ್ಣದ ಸ್ಟಿಕಿ ನೋಟ್ ಅಂಟಿಸುವುದೇ. ಒಬ್ಬ 'ಆ್ಯಪ್ ಮಾಡೋಣ' ಅಂತಾನೆ. ಪ್ರಾಜೆಕ್ಟ್ ಯಾವ ವಿಷಯದ್ದಾದರೂ ಸರಿ, ಒಬ್ಬ 'ಆ್ಯಪ್ ಮಾಡೋಣ' ಅಂದೇ ಅಂತಾನೆ. ಉಳಿದವರು ಗೋಡೆ ನೋಡುತ್ತಾರೆ. ಆ ನೋಟುಗಳ ಫೋಟೋ ಮಾತ್ರ ರಿಪೋರ್ಟಿನಲ್ಲಿ ತಪ್ಪದೆ ಇರುತ್ತದೆ, 'ನಮ್ಮ ಸೃಜನಶೀಲ ಪಯಣ' ಅನ್ನುವ ಅಡಿಬರಹದೊಂದಿಗೆ.

ಸಿಟ್ಟು ಬರುವುದು ಹುಡುಗರ ಮೇಲಲ್ಲ. ಯಾರು ಎಷ್ಟು ಮಾಡಿದರು ಅಂತ ಬಿಡಿಬಿಡಿಯಾಗಿ ಗೊತ್ತಾಗುವ ಹಾಗಿದ್ದರೆ ಈ ಮೈಗಳ್ಳತನ ಕಾಣೆಯಾಗುತ್ತದೆ ಅಂತ 1981ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದಾರೆ. ಗೂಗಲ್ ಡಾಕ್ಸ್‌ನಲ್ಲಿ ವರ್ಶನ್ ಹಿಸ್ಟರಿ ಅಂತ ಒಂದಿದೆ. ರಾತ್ರಿ ಎರಡಕ್ಕೆ ಯಾರು ಟೈಪ್ ಮಾಡುತ್ತಿದ್ದರು, ಯಾರು ಬರೀ ತಮ್ಮ ಹೆಸರಿನ ಸ್ಪೆಲ್ಲಿಂಗ್ ತಿದ್ದಿ ಹೋದರು, ಎಲ್ಲ ಅಲ್ಲಿದೆ. ತೆಗೆದು ನೋಡಲು ಮೇಷ್ಟ್ರಿಗೆ ಪುರುಸೊತ್ತಿಲ್ಲ. 60 ರಿಪೋರ್ಟ್ ತಿದ್ದುವ ಬದಲು 12 ತಿದ್ದಿದರೆ ಸಾಕು ಅಂತ ಗ್ರೂಪ್ ಮಾಡಿ, ಅದಕ್ಕೆ 'ಸಹಕಾರಿ ಕಲಿಕೆ' ಅಂತ ಹೆಸರಿಟ್ಟು, ಐವರಿಗೂ ಒಂದೇ ಮಾರ್ಕ್ಸ್ ಕೊಟ್ಟು ಕೈ ತೊಳೆದುಕೊಳ್ಳುತ್ತಾರೆ. ಆಮೇಲೆ ನಿದ್ದೆಗೆಟ್ಟವಳ ಹತ್ತಿರವೇ 'ಇದರಿಂದ ಏನು ಕಲಿತೆಯಮ್ಮಾ' ಅಂತ ಕೇಳುವುದು. ನಾಚಿಕೆ ಬೇಡವಾ?

ಅವಳು ಒಂದು ವೇಳೆ ಇದ್ದದ್ದನ್ನು ಇದ್ದ ಹಾಗೆ ಬರೆದಳು ಅಂತಿಟ್ಟುಕೊಳ್ಳಿ. ನಾನೊಬ್ಬಳೇ ಮಾಡಿದೆ, ಬೇಜಾರಾಯಿತು, ಮುಂದಿನ ಸಲ ಒಬ್ಬಳಿಗೇ ಕೊಡಿ ಅಂತ. ರಿಫ್ಲೆಕ್ಷನ್‌ಗೆ 10ಕ್ಕೆ 4 ಬರುತ್ತದೆ. ಪಕ್ಕದಲ್ಲಿ ಕೆಂಪು ಅಕ್ಷರದಲ್ಲಿ ಷರಾ: 'ತಂಡದ ಜೊತೆ ಹೊಂದಿಕೊಳ್ಳುವುದನ್ನು ಕಲಿಯಬೇಕು.' ಹೆಬ್ಬೆರಳು ವೀರನಿಗೆ 9.