ಬುಷ್ ಒಬ್ಬರದ್ದೇ ತಪ್ಪಾ?

ನಿಮ್ಮ ಲೇಖನದಲ್ಲಿ ಇರಾಕ್ ಯುದ್ಧದಿಂದ ಹಿಡಿದು 2008ರ ಆರ್ಥಿಕ ಕುಸಿತದ ತನಕ ಎಲ್ಲಾನೂ 2009ರಲ್ಲಿ ಅಧಿಕಾರ ಬಿಟ್ಟು ಹೋದ ಅಮೆರಿಕದ ಅಧ್ಯಕ್ಷ ಜಾರ್ಜ್ ಡಬ್ಲ್ಯೂ. ಬುಷ್ ತಲೆಗೇ ಕಟ್ಟಿದೀರಿ ಸರ್, ನಾನೇನೂ ಅವರನ್ನ ಸಮರ್ಥಿಸ್ತಿಲ್ಲ, ವಿನಾಶಕಾರಿ ಅಸ್ತ್ರ ಇದೆ ಅಂತ ಹೇಳಿ 2003ರಲ್ಲಿ ಇರಾಕ್ ಮೇಲೆ ಬಿದ್ರು, ಅಂಥದ್ದೇನೂ ಸಿಗ್ಲಿಲ್ಲ, ಸತ್ತವರಿಗೆ ಉತ್ತರ ಕೊಡೋರು ಯಾರು? ಆದ್ರೆ 2002ರ ಅಕ್ಟೋಬರ್‌ನಲ್ಲಿ ಅಮೆರಿಕ ಸಂಸತ್ತಿನ ಮೇಲ್ಮನೆ ಸೆನೆಟ್‌ನ 77 ಜನ ಯುದ್ಧಕ್ಕೆ ಒಪ್ಪಿಗೆ ಅಂತ ವೋಟ್ ಹಾಕಿದ್ರಲ್ಲ, ಬರೀ 23 ಜನ ಬೇಡ ಅಂದ್ರು. ಬುಷ್ ಎದುರಾಳಿ ಡೆಮಾಕ್ರಟಿಕ್ ಪಕ್ಷದ ಹಿಲರಿ ಕ್ಲಿಂಟನ್, ಜಾನ್ ಕೆರಿ, ಜೋ ಬೈಡನ್ ಎಲ್ಲಾ ಹೂಂ ಅಂದವರೇ. ಇರಾಕಿನ ಅಬು ಘ್ರೈಬ್ ಜೈಲಲ್ಲಿ ಅಮೆರಿಕದ ಸೈನಿಕರು ಕೈದಿಗಳಿಗೆ ಹಿಂಸೆ ಕೊಟ್ಟ ಫೋಟೋಗಳು ಹೊರಗೆ ಬಂದ ಮೇಲೂ 2004ರ ನವೆಂಬರ್‌ನಲ್ಲಿ ಜನ ಮತ್ತೆ ಬುಷ್ ಅವರನ್ನೇ ಗೆಲ್ಲಿಸಿದ್ರು, ಅದು ನಂಗಿನ್ನೂ ಅರಗಿಲ್ಲ. ಇನ್ನು ಆರ್ಥಿಕ ಕುಸಿತದ ವಿಷಯಕ್ಕೆ ಬಂದ್ರೆ, ಬ್ಯಾಂಕ್‌ಗಳ ಕಟ್ಟು ಸಡಿಲ ಮಾಡಿದ 1999ರ ಕಾನೂನಿಗೆ ಸಹಿ ಹಾಕಿದ್ದು ಬುಷ್‌ಗಿಂತ ಮುಂಚಿನ ಅಧ್ಯಕ್ಷ ಬಿಲ್ ಕ್ಲಿಂಟನ್, ಅದನ್ನೂ ನೀವು ಬರೀಬೇಕಿತ್ತು.