ಸ್ಪಷ್ಟನೆ: ಅಗ್ಗದ ಸಾಫ್ಟ್‌ವೇರ್‌ನಲ್ಲಿ ದನಿ ತೆಳುವಾಗುವುದಿಲ್ಲ
ತುಮಕೂರು ಕಡೆಯ ಭಜನೆ, ಜನಪದ ಗಾಯಕರ ವಾಟ್ಸಾಪ್ ಗುಂಪುಗಳಲ್ಲಿ ಹಾಡು ರೆಕಾರ್ಡ್ ಮಾಡಿ ಮಿಕ್ಸ್ ಮಾಡುವ ಕಂಪ್ಯೂಟರ್ ಸಾಫ್ಟ್‌ವೇರ್‌ಗಳ ಬಗ್ಗೆ ಒಂದು ಮೆಸೇಜು ಓಡಾಡುತ್ತಿದೆ. ‘ರೀಪರ್, ಗ್ಯಾರೇಜ್‌ಬ್ಯಾಂಡ್‌ನಲ್ಲಿ ದನಿ ತೆಳುವಾಗುತ್ತೆ, ಪ್ರೊ ಟೂಲ್ಸ್‌ನಲ್ಲಿ ಮಾತ್ರ ಸ್ಟುಡಿಯೋ ಸೌಂಡ್’ ಅಂತ. ಇದು ತಪ್ಪು.

ದನಿಯನ್ನು ಅಂಕಿಗಳಾಗಿ ಬದಲಿಸುವುದು ಆಡಿಯೋ ಇಂಟರ್‌ಫೇಸ್, ಅಂದರೆ ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆ. ಸಾಫ್ಟ್‌ವೇರ್ ಆ ಅಂಕಿಗಳನ್ನು ಹಾಗೇ ಬರೆದಿಟ್ಟುಕೊಂಡು, ಆಮೇಲೆ ಬೇರೆ ಬೇರೆ ಟ್ರ್ಯಾಕ್‌ಗಳ ಅಂಕಿಗಳನ್ನು ಕೂಡುತ್ತದೆ. ಕೂಡುವ ಲೆಕ್ಕ 32 ಅಥವಾ 64 ಬಿಟ್ ಫ್ಲೋಟ್‌ನದು, ಅಂದರೆ ತುಂಬಾ ನಿಖರವಾದದ್ದು. ಕಿವಿಗೆ ಗೊತ್ತಾಗುವಂಥ ವ್ಯತ್ಯಾಸ ಅಲ್ಲಿ ಹುಟ್ಟುವುದಿಲ್ಲ.

ಬೇಕಾದರೆ ನೀವೇ ನೋಡಿ. ಅದೇ ತಮಟೆ ಟ್ರ್ಯಾಕು, ಅದೇ ಹಾಡಿನ ಟ್ರ್ಯಾಕನ್ನು ಎರಡು ಸಾಫ್ಟ್‌ವೇರ್‌ಗೂ ಹಾಕಿ. ಪ್ಲಗಿನ್ (ದನಿಗೆ ಎಫೆಕ್ಟ್ ಸೇರಿಸುವ ಪುಟ್ಟ ಸಾಫ್ಟ್‌ವೇರ್) ಬೇಡ, ಜೋರು ಹೆಚ್ಚು-ಕಡಿಮೆ ಮಾಡುವ ಫೇಡರ್ 0 ಡೆಸಿಬಲ್‌ನಲ್ಲಿರಲಿ, ಅಂದರೆ ದನಿ ಇದ್ದಷ್ಟೇ ಇರಲಿ. ಎರಡನ್ನೂ 24 ಬಿಟ್ ವೇವ್ ಫೈಲಾಗಿ ತೆಗೆದು, ಸರಿಯಾಗಿ ಸಾಲಿಗಿಟ್ಟು, ಒಂದರ ಫೇಸ್ ತಿರುಗಿಸಿ (ಅಲೆಯನ್ನು ತಲೆಕೆಳಗು ಮಾಡಿ) ಒಟ್ಟಿಗೆ ಪ್ಲೇ ಮಾಡಿ. ಎರಡೂ ಒಂದೇ ಆಗಿದ್ದರೆ ಒಂದನ್ನೊಂದು ಅಳಿಸಿಹಾಕಿ ಏನೂ ಕೇಳಿಸುವುದಿಲ್ಲ. ಕೇಳಿಸಿದರೆ ಮೊದಲು ಪ್ಯಾನ್ ಲಾ ನೋಡಿ, ಅಂದರೆ ದನಿಯನ್ನು ಎಡ-ಬಲ ಸ್ಪೀಕರ್‌ಗಳ ನಡುವೆ ಇಡುವಾಗ ಅದರ ಜೋರು ಎಷ್ಟಿರಬೇಕು ಅನ್ನುವ ಸೆಟ್ಟಿಂಗ್. ಮಧ್ಯದಲ್ಲಿಟ್ಟ ಮೊನೊ ದನಿ ಒಂದರಲ್ಲಿ 3 ಡೆಸಿಬಲ್ ಇಳಿದಿರಬಹುದು, ಇನ್ನೊಂದರಲ್ಲಿ ಇಳಿದೇ ಇರುವುದಿಲ್ಲ. ಸ್ವಲ್ಪ ಜೋರಿದ್ದದ್ದೇ ಚೆನ್ನಾಗಿದೆ ಅನ್ನಿಸುವುದು ಸಹಜ ಅಲ್ವಾ? ‘ತೆಳು’ ಅನ್ನುವಂಥ ದೂರು ಇಂಥ ಜೋರಿನ ವ್ಯತ್ಯಾಸದಿಂದಲೂ ಬರಬಹುದು.

ಇನ್ನು ಬೆಲೆಯ ಮಾತು. ರೀಪರ್ ಪೂರ್ತಿ ಉಚಿತ ಅಂತ ಯಾರಾದರೂ ಅಂದರೆ ಅದೂ ಸರಿಯಲ್ಲ. 60 ದಿನ ಪ್ರಯೋಗಕ್ಕೆ ಕೊಡುತ್ತಾರೆ, ಆಮೇಲೆ ಲೈಸೆನ್ಸ್ ಕೊಳ್ಳಬೇಕು. ಗ್ಯಾರೇಜ್‌ಬ್ಯಾಂಡ್ ಉಚಿತ, ಆದರೆ ಆಪಲ್ ಸಾಧನ ಬೇಕು. ಪ್ರೊ ಟೂಲ್ಸ್‌ಗೇ ‘ಇಂಟ್ರೋ’ ಅನ್ನುವ ಉಚಿತ ಆವೃತ್ತಿ ಇದೆ, 8 ಆಡಿಯೋ ಟ್ರ್ಯಾಕ್‌ಗಳ ಮಿತಿ.

ಎಡಿಟಿಂಗ್‌ನ ಸಲೀಸು, ಜೊತೆಗೆ ಬರುವ ಪ್ಲಗಿನ್‌ಗಳು ಒಂದೊಂದರಲ್ಲಿ ಒಂದೊಂದು ಥರ. ಆಯ್ಕೆ ಅದರ ಮೇಲೆ ಮಾಡಿ. ಕೈಯಲ್ಲಿ ದುಡ್ಡಿದ್ದರೆ ಮೈಕು, ಕೋಣೆಯ ಕಡೆ ಜಾಸ್ತಿ ಗಮನ ಕೊಡಿ. ಆ ಮೆಸೇಜನ್ನು ದಯವಿಟ್ಟು ಸುಮ್ನೆ ಫಾರ್ವರ್ಡ್ ಮಾಡಬೇಡಿ.